ಮರಿ ಅಂಗಳದಲ್ಲಿರಲಿ, ತತ್ತಿ ಮಗುವಿನ ತಟ್ಟೆಯಲ್ಲಿರಲಿ

ಎಳೆಯ ಮಕ್ಕಳಿರುವ ಮನೆಯಲ್ಲಿ ಕೋಳಿ ಸಾಕಬಹುದೇ? ಅನೇಕ ಮನೆಗಳಲ್ಲಿ ಅತ್ತೆ ಸೊಸೆಯರ ನಡುವೆ ಈ ಪ್ರಶ್ನೆ ಆಗಾಗ ಏಳುತ್ತದೆ. ಅತ್ತೆಗೆ ಕೋಳಿ ಬೇಕು, ಸೊಸೆಗೆ ಅದರ ಹೇಸಿಗೆ ಬೇಡ. ವೈದ್ಯವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯವಿದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಭಾಗದ ತೊಗರಿ ಹೊಲಗಳ ನಡುವಿನ ಊರುಗಳಲ್ಲಿ, ಕಲ್ಲುಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಓಣಿಗಳಲ್ಲಿ, ಚಿಂಚೋಳಿ ಕಾಡಿನಂಚಿನ ತಾಂಡಾಗಳಲ್ಲಿ ನಾಲ್ಕಾರು ನಾಟಿ ಕೋಳಿ ಸಾಕುವುದು ಹೊಸದೇನಲ್ಲ. ಅದು ಮನೆಯ ಹೆಣ್ಣುಮಕ್ಕಳ ಕೈಗಾಸು. ಒಬ್ಬರು ಕೋಳಿಯನ್ನು ಪಾಲಿಗೆ ಕೊಡುತ್ತಾರೆ, ಇನ್ನೊಬ್ಬರು ಸಾಕಿ ಮರಿಗಳಲ್ಲಿ ಅರ್ಧ ಹಂಚಿಕೊಳ್ಳುತ್ತಾರೆ. ಇಂತಹ ಕೋಳಿಯಿಂದ ಮಗುವಿನ ಆರೋಗ್ಯಕ್ಕೆ ಲಾಭವಾಗಬೇಕಾದರೆ ಕೆಲವು ವಿಷಯ ತಿಳಿದಿರಬೇಕು.

ಲಾಭವೂ ಉಂಟು, ಹಾನಿಯೂ ಉಂಟು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆ ಇದೆ. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದ ಜೊತೆ ತತ್ತಿ ಕೊಡುವ ಯೋಜನೆಯನ್ನು ಸರ್ಕಾರ ಮೊದಲು ಆರಂಭಿಸಿದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಆದರೆ ಮಗುವಿನ ಬೆಳವಣಿಗೆಗೆ ಅತಿ ಮುಖ್ಯವಾದ ಮೊದಲ ಎರಡು ವರ್ಷ ಶಾಲೆಗೆ ಸೇರುವ ಮುನ್ನವೇ ಕಳೆದುಹೋಗಿರುತ್ತವೆ. ಆ ವಯಸ್ಸಿನ ಮಗುವಿಗೆ ಹಿತ್ತಲಿನ ಕೋಳಿ ನೆರವಾಗಬಲ್ಲದು.

ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಉತ್ತಮ ಸಸಾರಜನಕವಿದೆ. ಎ ಮತ್ತು ಬಿ-12 ಜೀವಸತ್ವಗಳೂ ಇವೆ. ಆರು ತಿಂಗಳು ತುಂಬಿದ ಮಗುವಿಗೆ ಚೆನ್ನಾಗಿ ಬೇಯಿಸಿದ ತತ್ತಿಯನ್ನು ಸ್ವಲ್ಪಸ್ವಲ್ಪವಾಗಿ ಆರಂಭಿಸಬಹುದು. ಮೈಮೇಲೆ ದದ್ದು ಎದ್ದರೆ, ವಾಂತಿಯಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. 2017ರಲ್ಲಿ ಈಕ್ವೆಡಾರ್ ದೇಶದಿಂದ ಬಂದ ವರದಿಯೊಂದರಲ್ಲಿ, ಆರು ತಿಂಗಳ ಕಾಲ ದಿನಕ್ಕೊಂದು ತತ್ತಿ ತಿಂದ ಕೂಸುಗಳ ಬೆಳವಣಿಗೆ ಎದ್ದು ಕಾಣುವಂತೆ ಸುಧಾರಿಸಿತ್ತು. ಆದರೆ ಆಫ್ರಿಕದ ಮಲಾವಿಯಲ್ಲಿ ಅಂಥದ್ದೇ ಪ್ರಯೋಗ ನಡೆದಾಗ ಎತ್ತರದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ತತ್ತಿ ಒಳ್ಳೆಯ ಆಹಾರವೇ ಹೊರತು ಮಂತ್ರದಂಡವಲ್ಲ. ಅದರಲ್ಲಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹಿಡಿಯುವುದಿಲ್ಲವಾದ್ದರಿಂದ ಸೊಪ್ಪು, ಬೇಳೆ, ಲಿಂಬೆರಸವೂ ಊಟದಲ್ಲಿರಬೇಕು. ತತ್ತಿ ತಿನ್ನದ ಮನೆಯವರು ತೊಗರಿಬೇಳೆ, ಶೇಂಗಾ, ಹಾಲು, ಮೊಸರನ್ನು ಹೆಚ್ಚಿಸಬೇಕು.

ಇನ್ನು ಹಾನಿಯ ಮಾತು. ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಮುದ್ದಾಗಿ ಓಡಾಡುವ ಆರೋಗ್ಯವಂತ ಮರಿಯಲ್ಲೂ ಅವು ಇರುತ್ತವೆ. ಮರಿಗೆ ಏನೂ ಆಗದಿದ್ದರೂ ಮಗುವಿಗೆ ಭೇದಿ, ಜ್ವರ ಬರಬಹುದು. ಅಂಬೆಗಾಲಿಡುವ ಮಗು ನೆಲದ ಮೇಲಿನ ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ. ಪೆರು ದೇಶದ ಲಿಮಾ ನಗರದ ಬಡ ಬಡಾವಣೆಗಳ ಬಗ್ಗೆ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋಳಿಯ ಹಿಕ್ಕೆ ಮಕ್ಕಳ ಕೈಯಿಂದ ಬಾಯಿಗೆ ಹೋಗುವುದನ್ನು ಸಂಶೋಧಕರು ಕಣ್ಣಾರೆ ಕಂಡಿದ್ದರು. ಪದೇ ಪದೇ ಹೀಗಾದರೆ ಕರುಳಿನ ಒಳಪದರ ಕೆಡುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ.

ಇಥಿಯೋಪಿಯದ ಹಳ್ಳಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡೂ ಮಾತನ್ನು ಒಟ್ಟಿಗೆ ಹೇಳುತ್ತದೆ. ಕೋಳಿ ಸಾಕಿದ ಮನೆಗಳ ಮಕ್ಕಳು ಸರಾಸರಿಯಲ್ಲಿ ಎತ್ತರವಾಗಿದ್ದರು. ಆದರೆ ರಾತ್ರಿ ಕೋಳಿಗಳನ್ನು ಮನೆಯೊಳಗೇ ಕೂಡುತ್ತಿದ್ದ ಕಡೆ ಆ ಲಾಭ ಬಹುಮಟ್ಟಿಗೆ ಕರಗಿಹೋಗಿತ್ತು. ಅಂದರೆ ಸಾಕುವುದರಲ್ಲಿ ತಪ್ಪಿಲ್ಲ, ಎಲ್ಲಿ ಸಾಕುತ್ತೇವೆ ಎಂಬುದು ಮುಖ್ಯ.

ಕಾವಿಗೆ ಕೂರಿಸುವಾಗ

ಕೋಳಿ ತತ್ತಿಯೊಡೆದು ಮರಿ ಹೊರಬರಲು 21 ದಿನ ಬೇಕು. ಒಂದು ನಾಟಿ ಕೋಳಿಯ ಅಡಿಯಲ್ಲಿ 10ರಿಂದ 12 ತತ್ತಿ ಸಾಕು. ಇಟ್ಟು ಒಂದು ವಾರ ಮೀರದ, ಬಿರುಕಿಲ್ಲದ ತತ್ತಿಗಳನ್ನೇ ಆರಿಸಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುತ್ತದೆ. ಆ ಸೆಕೆಗೆ ಕೋಳಿ ಕೂರುವ ಮುನ್ನವೇ ತತ್ತಿಯೊಳಗೆ ಭ್ರೂಣ ಬೆಳೆಯತೊಡಗಿ ನಡುವೆ ಸಾಯುತ್ತದೆ. ಬೇಸಿಗೆಯಲ್ಲಿ ತತ್ತಿ ಕೊಳೆಯಲು ಇದು ದೊಡ್ಡ ಕಾರಣ. ಆದ್ದರಿಂದ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಮರಿ ಮಾಡಿಸಲು ಒಳ್ಳೆಯದು.

ಬುಟ್ಟಿಯಲ್ಲಿ ಬೂದಿ ಹರಡಿ, ಮೇಲೆ ಒಣಹುಲ್ಲು ಹಾಸಿ ಕೂರಿಸಿದರೆ ಹೇನಿನ ಕಾಟ ಕಡಿಮೆ. ಬರೀ ಫರಸಿಯ ಮೇಲೆ ಕೂರಿಸಬಾರದು, ಚಳಿಗಾಲದಲ್ಲಿ ಕಲ್ಲು ಕಾವನ್ನೆಲ್ಲ ಹೀರಿಬಿಡುತ್ತದೆ. ಏಳನೆಯ ದಿನ ರಾತ್ರಿ ಕತ್ತಲಲ್ಲಿ ತತ್ತಿಯನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿ. ಒಳಗೆ ಕೆಂಪು ನರಗಳ ಬಲೆ ಕಂಡರೆ ಜೀವ ಹಿಡಿದಿದೆ. ಏನೂ ಕಾಣದೆ ತಿಳಿಯಾಗಿದ್ದರೆ ತೆಗೆದುಬಿಡಿ. ಗಿರಿರಾಜದಂತಹ ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ತತ್ತಿಯನ್ನು ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸಬಹುದು.

ಹುಟ್ಟಿದ ಮರಿ ಹೊಟ್ಟೆಯೊಳಗೆ ಉಳಿದ ಹಳದಿಯಿಂದ ಒಂದೆರಡು ದಿನ ಬದುಕಬಲ್ಲದು. ಹೀಗಾಗಿ ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಮುಂದೆ ವಾರವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಒತ್ತಿ ನಿಂತರೆ ಚಳಿಯಾಗಿದೆ ಎಂದರ್ಥ. ಬಾಯಿ ತೆರೆದು ದೂರ ಸರಿದರೆ ಸೆಕೆಯಾಗಿದೆ. ಜೋಳದ ನುಚ್ಚೊಂದೇ ಸಾಲದು, ಮರಿಗಳಿಗೂ ಸಸಾರಜನಕ ಬೇಕು. ಪುಡಿ ಮಾಡಿದ ಶೇಂಗಾ ಹಿಂಡಿಯನ್ನು ಬೂಷ್ಟು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಬೆರೆಸಬಹುದು.

ಹತ್ತು ಮನೆಗೆ ಒಂದು ಲಸಿಕೆ

ಮರಿಗಳನ್ನು ಗಿಡುಗ, ಬೆಕ್ಕು, ಮುಂಗುಸಿಗಳು ಒಂದೊಂದಾಗಿ ಒಯ್ದರೆ, ಕೊಕ್ಕರೆ ರೋಗ ಇಡೀ ಓಣಿಯ ಕೋಳಿಗಳನ್ನು ವಾರದಲ್ಲಿ ಮುಗಿಸುತ್ತದೆ. ಇದಕ್ಕೆ ರಾಣಿಖೇತ್ ರೋಗ ಎಂದೂ ಹೆಸರು. ಬಂದ ಮೇಲೆ ಔಷಧವಿಲ್ಲ, ಲಸಿಕೆಯೊಂದೇ ದಾರಿ. ಮರಿ 5ರಿಂದ 7 ದಿನದ್ದಿದ್ದಾಗ ಕಣ್ಣಿಗೊಂದು ಹನಿ, ನಾಲ್ಕು ವಾರಕ್ಕೆ ಮತ್ತೊಂದು ಹನಿ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು, ಇದು ಸಾಮಾನ್ಯ ಕ್ರಮ.

ತೊಡಕು ಇರುವುದು ಬೇರೆಡೆ. ಒಂದು ಶೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಐದು ಕೋಳಿಯವರು ಒಬ್ಬರೇ ಹೋಗಿ ಕೇಳಿದರೆ ಉಳಿದದ್ದೆಲ್ಲ ವ್ಯರ್ಥ. ಪಾಲಿನ ಕೋಳಿಗೆ ಒಂದಾಗುವ ಹೆಣ್ಣುಮಕ್ಕಳು ಲಸಿಕೆಗೂ ಒಂದಾದರೆ ಈ ತೊಡಕು ನೀಗುತ್ತದೆ. ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿ, ಪಶು ಆಸ್ಪತ್ರೆಯವರಿಗೆ ಮೊದಲೇ ತಿಳಿಸಿ, ಮುಂಜಾನೆ ಕೋಳಿಗಳನ್ನು ಬಿಡದೆ ಕೂಡಿಟ್ಟಿರಬೇಕು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಹಾಕಿದವರು ಕೈ ತೊಳೆಯದೆ ತಮ್ಮ ಕಣ್ಣು ಮುಟ್ಟಿಕೊಂಡರೆ ಕಣ್ಣು ಕೆಂಪಾಗಬಹುದು.

ಕಾಯಿಲೆ ಬಿದ್ದ ಕೋಳಿಗೆ ಮನುಷ್ಯರ ಟೆಟ್ರಾಸೈಕ್ಲಿನ್ ಗುಳಿಗೆ ಬಿಡಿಸಿ ಹಾಕುವ ಅಭ್ಯಾಸ ಕೆಟ್ಟದ್ದು. ಕೊಕ್ಕರೆ ರೋಗಕ್ಕೆ ಅದು ನಾಟುವುದಿಲ್ಲ. ಬದಲಿಗೆ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅವನ್ನು ಕೊಯ್ದು ತಿನ್ನಬೇಡಿ, ನಾಲೆಗೆ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದು ನೆನಪಿರಲಿ.

ಗೂಡು ಹೊರಗೆ, ಸಾಬೂನು ಬಾಗಿಲಲ್ಲಿ

ನಮ್ಮ ಕಡೆ ಒಡೆದ ಫರಸಿ ತುಂಡುಗಳಿಗೆ ಬರವಿಲ್ಲ. ಅವನ್ನು ನಿಲ್ಲಿಸಿ, ಗಾಳಿಗೆ ಸಂದು ಬಿಟ್ಟು, ಹಿತ್ತಲಲ್ಲಿ ರಾತ್ರಿಯ ಗೂಡು ಕಟ್ಟಬಹುದು. ಕಲ್ಲನ್ನು ತೊಳೆಯುವುದು ಸುಲಭ. ಬೇಸಿಗೆಯಲ್ಲಿ ಮೇಲಿನ ಕಲ್ಲು ಕಾಯುವುದರಿಂದ ತೊಗರಿ ಕಟ್ಟಿಗೆಯ ಹೊದಿಕೆ ಹಾಕಬೇಕು. ಕೋಳಿ ಅಡುಗೆಮನೆಗೆ, ಕೂಸು ಆಡುವ ಜಾಗಕ್ಕೆ ಬಾರದಂತೆ ಬಾಗಿಲಿಗೆ ಮೊಳಕಾಲೆತ್ತರದ ತಡೆ ಸಾಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಬೇಡಿ, ದೂರದಿಂದ ನೋಡಲಿ. ಗೂಡು ಬಳಿದ ಮೇಲೆ, ಅಡುಗೆಗೆ ಮುನ್ನ, ಕೂಸಿಗೆ ಉಣಿಸುವ ಮುನ್ನ ಸಾಬೂನಿನಿಂದ ಕೈ ತೊಳೆಯಲೇಬೇಕು. ತತ್ತಿಯ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸಬೇಕು.

ಒಂದು ಸಣ್ಣ ಲೆಕ್ಕ

ನಾಟಿ ಕೋಳಿ ವರ್ಷಕ್ಕೆ ಸುಮಾರು 50ರಿಂದ 60 ತತ್ತಿ ಇಡುತ್ತದೆ. ಎರಡು ಕೋಳಿಯಿಂದ ಒಂದು ಮಗುವಿಗೆ ವಾರಕ್ಕೆ ಎರಡು ತತ್ತಿ ಸಿಕ್ಕರೆ ಹೆಚ್ಚು. ಐದು ಕೋಳಿ ಉಳಿದರೆ ವಾರಕ್ಕೆ ಐದರಷ್ಟು ಸಿಗುತ್ತವೆ. ಎಲ್ಲ ತತ್ತಿಯನ್ನೂ ಕಾವಿಗಿಟ್ಟರೆ ಅಥವಾ ಸಂತೆಗೆ ಕಳಿಸಿದರೆ ಮಗುವಿಗೆ ಉಳಿಯುವುದು ಹಿಕ್ಕೆ ಮಾತ್ರ! ವರ್ಷದಲ್ಲಿ ಕೋಳಿಗೊಂದು ಸಲದ ತತ್ತಿ ಮರಿಗೆ, ಉಳಿದವುಗಳಲ್ಲಿ ಮೊದಲ ಪಾಲು ಕೂಸಿಗೆ ಮತ್ತು ಬಸುರಿ ಬಾಣಂತಿಗೆ, ಮಿಕ್ಕದ್ದು ಸಂತೆಗೆ ಎಂದು ಮನೆಯವರೆಲ್ಲ ಕೂತು ನಿರ್ಧರಿಸಿಕೊಳ್ಳಲಿ.

ಹೀಗಾದರೆ ಅತ್ತೆಯ ಕೋಳಿಯೂ ಉಳಿಯುತ್ತದೆ, ಸೊಸೆಯ ನೆಲವೂ ಸ್ವಚ್ಛವಾಗಿರುತ್ತದೆ. ಇಬ್ಬರೂ ಎತ್ತಿ ಆಡಿಸುವ ಮಗು ಗಟ್ಟಿಯಾಗಿ ಬೆಳೆಯುತ್ತದೆ.