ಮನಸ್ಸಿನ ಪಾಠ ಮನೆಗೂ ಬೇಕು

ಮನಃಶಾಸ್ತ್ರ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಹುಚ್ಚು, ಆಸ್ಪತ್ರೆ, ಮಾತ್ರೆ. ಆದರೆ ಅದು ಹುಚ್ಚಿನ ಶಾಸ್ತ್ರವಲ್ಲ. ಮನುಷ್ಯ ಹೇಗೆ ಕಲಿಯುತ್ತಾನೆ, ಏಕೆ ಹೆದರುತ್ತಾನೆ, ಏಕೆ ದುಃಖಿಸುತ್ತಾನೆ ಎಂದು ತಿಳಿಸುವ ಶಾಸ್ತ್ರ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಇದರ ವಿಭಾಗ ಆರಂಭವಾಗಿತ್ತು. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಹೆಣ್ಣುಮಕ್ಕಳೂ ಬಿ.ಎಡ್. ಪರೀಕ್ಷೆಗೆಂದು ಇದರ ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪುಸ್ತಕ ಅಟ್ಟ ಸೇರುತ್ತದೆ. ಆದರೆ ಅದರಲ್ಲಿನ ಮೂರು ಪದಗಳಾದರೂ ಪ್ರತಿಯೊಬ್ಬ ತಾಯಿಗೂ ಗೊತ್ತಿರಬೇಕು.

ಅನುಬಂಧನ

ಮೀನು ಮಾರುವವನ ಹಾರ್ನ್ ಕೇಳಿದೊಡನೆ ಬೆಕ್ಕು ಎಲ್ಲಿದ್ದರೂ ಅಂಗಳಕ್ಕೆ ಓಡಿ ಬರುವುದನ್ನು ನೀವು ನೋಡಿದ್ದೀರಿ. ಮೀನು ಇನ್ನೂ ಕಂಡಿಲ್ಲ. ಆದರೂ ದಿನವೂ ಹಾರ್ನ್‌ನ ಹಿಂದೆಯೇ ಮೀನು ಬರುವುದರಿಂದ ಅವೆರಡಕ್ಕೂ ಅದರ ಮನಸ್ಸಿನಲ್ಲಿ ಗಂಟು ಬಿದ್ದಿದೆ. ರಷ್ಯದ ವಿಜ್ಞಾನಿ ಪಾವ್ಲೊವ್ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಇದಕ್ಕೆ ಅನುಬಂಧನ ಎನ್ನುತ್ತಾರೆ.

ಭಯವೂ ಹೀಗೆಯೇ ಅಂಟಿಕೊಳ್ಳುತ್ತದೆ. “ಊಟ ಮಾಡದಿದ್ದರೆ ಡಾಕ್ಟರ್ ಹತ್ತಿರ ಸೂಜಿ ಹಾಕಿಸ್ತೇನೆ”, “ಹಟ ಮಾಡಿದರೆ ಉಸ್ತಾದರಿಗೆ ಹೇಳ್ತೇನೆ” ಎಂದು ನಾವು ಹೆದರಿಸುತ್ತೇವೆ. ಆಮೇಲೆ ಮದ್ರಸಕ್ಕೆ ಹೊರಡುವ ಹೊತ್ತಿಗೆ ಮಗುವಿಗೆ ಹೊಟ್ಟೆನೋವು. ಈ ಗಂಟು ಹಾಕಿದವರು ಯಾರು?

ಗಂಟನ್ನು ಬಿಚ್ಚಲೂ ಬರುತ್ತದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ, ಮೊಲಕ್ಕೆ ಹೆದರುತ್ತಿದ್ದ ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿತು. ಗದರಿಕೆಯಿಂದ ಹೋಗದ ಭಯ ಪ್ರೀತಿ ಮತ್ತು ತಾಳ್ಮೆಯಿಂದ ಹೋಗುತ್ತದೆ.

ಪುನರ್ಬಲನ

ಕುಂದಾಪುರದ ಪೇಟೆಗೆ ಹೋಗಿದ್ದೀರಿ. ಅಂಗಡಿಯ ಮುಂದೆ ಮಗ ಚಾಕಲೇಟಿಗಾಗಿ ನೆಲದ ಮೇಲೆ ಹೊರಳಾಡುತ್ತಾನೆ. ಜನ ನೋಡುತ್ತಾರೆ. ಮಾನ ಹೋಗುತ್ತದೆಂದು ಕೊಡಿಸಿಬಿಡುತ್ತೀರಿ. ಅಳು ನಿಲ್ಲುತ್ತದೆ. ಯಾವ ವರ್ತನೆಗೆ ಫಲ ಸಿಗುತ್ತದೋ ಆ ವರ್ತನೆ ಬಲಗೊಳ್ಳುತ್ತದೆ, ಇದು ಪುನರ್ಬಲನ. ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟರೆ ಅಳು ನಿಲ್ಲುತ್ತದೆ ಎಂದು ನೀವೂ ಕಲಿತಿರಿ! ಹತ್ತು ಸಲ ಬೇಡವೆಂದು ಹನ್ನೊಂದನೆಯ ಸಲ ಕೊಟ್ಟರಂತೂ ಹಟ ಇನ್ನಷ್ಟು ಗಟ್ಟಿಯಾಗುತ್ತದೆ. ಎಂದೋ ಒಮ್ಮೆ ಸಿಗುವ ಫಲದಿಂದ ಬೆಳೆದ ಅಭ್ಯಾಸವೇ ಬಿಡಿಸಲು ಅತಿ ಕಷ್ಟ ಎಂಬುದನ್ನು ಸ್ಕಿನ್ನರ್ ಎಂಬ ಮನಃಶಾಸ್ತ್ರಜ್ಞ ತೋರಿಸಿಕೊಟ್ಟಿದ್ದಾನೆ. ಆದ್ದರಿಂದ ಮಗು ಸುಮ್ಮನೆ ಆಡುತ್ತಿರುವಾಗ, ತಂಗಿಗೆ ತಿಂಡಿ ಹಂಚಿಕೊಟ್ಟಾಗ ಕರೆದು ಮೆಚ್ಚಿಕೊಳ್ಳಿ. ಫಲ ಅಲ್ಲಿ ಸಿಗಲಿ.

ಖಿನ್ನತೆ

ಮೂರನೆಯ ಪದ ತಾಯಂದಿರಿಗೇ ಸಂಬಂಧಿಸಿದ್ದು. ಶಿರೂರು, ಗಂಗೊಳ್ಳಿಯಂತಹ ಊರುಗಳಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫ್‌ನಲ್ಲಿರುತ್ತಾರೆ. ಮನೆ, ಮಕ್ಕಳು, ಅತ್ತೆ-ಮಾವ ಎಲ್ಲವನ್ನೂ ಒಬ್ಬಳೇ ಹೊರುವಾಗ ಬೇಸರವಾಗುವುದು ಸಹಜ. ಆದರೆ ಎರಡು ವಾರವಾದರೂ ಮಂಕು ಕಳೆಯದಿದ್ದರೆ, ನಿದ್ದೆ-ಹಸಿವು ಕೆಟ್ಟರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ತಾನು ಯಾರಿಗೂ ಬೇಡ ಎನಿಸಿದರೆ ಅದು ಬರೀ ಬೇಸರವಲ್ಲ, ಖಿನ್ನತೆ ಇರಬಹುದು. ಅಂಥವಳನ್ನು “ಸೋಮಾರಿ”, “ಈಮಾನ್ ಕಡಿಮೆ” ಎಂದು ಚುಚ್ಚುವವರಿದ್ದಾರೆ. ಮಗ ಯೂಸುಫ್(ಅ)ರನ್ನು ಕಳೆದುಕೊಂಡ ದುಃಖದಲ್ಲಿ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದುವೆಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ಕಡಿಮೆಯಿತ್ತೇ?

ಕ್ರಿ.ಶ. 934ರಲ್ಲಿ ನಿಧನರಾದ ಮುಸ್ಲಿಮ್ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ, ಕಾರಣ ಗೊತ್ತಿರುವ ದುಃಖವನ್ನೂ ಕಾರಣವೇ ತಿಳಿಯದ ದುಃಖವನ್ನೂ ಬೇರ್ಪಡಿಸಿ, ಎರಡನೆಯದರ ಮೂಲ ದೇಹದಲ್ಲಿದೆ ಎಂದು ಬರೆದಿದ್ದರು. ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆಂದು ನಮ್ಮ ಹಿರಿಯರಿಗೆ ಸಾವಿರ ವರ್ಷಗಳ ಹಿಂದೆಯೇ ಗೊತ್ತಿತ್ತು.

ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದುಆ ಇರಲಿ, ಜೊತೆಗೆ ಚಿಕಿತ್ಸೆಯೂ ಇರಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಾಯಿಗೆ ಬಂದರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ನೆರೆಮನೆಯ ಸಹೋದರಿ ಕೆಲವು ದಿನಗಳಿಂದ ಅಂಗಳದಲ್ಲಿ ಕಾಣಿಸುತ್ತಿಲ್ಲವೇ? ಇವತ್ತೇ ಹೋಗಿ ಅವಳ ಕ್ಷೇಮ ವಿಚಾರಿಸಿ.