ಕನ್ನಡನಾಡಿನ ಶ್ರೇಷ್ಠ ಕ್ರಿಕೆಟಿಗ ಯಾರು?

ಬೇಲೂರಿನಿಂದ ಹಳೇಬೀಡಿನ ಮಾರ್ಗವಾಗಿ ಅರಸೀಕೆರೆಯ ಸೀಮೆಯನ್ನು ಹೊಕ್ಕವರಿಗೆ ಜಾವಗಲ್ ಎಂಬ ಊರು ಸಿಗುತ್ತದೆ. ಅಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಆದರೆ ಊರಿನ ಹೆಸರನ್ನು ಕ್ರಿಕೆಟ್ ಆಡುವ ದೇಶಗಳಿಗೆಲ್ಲ ಮುಟ್ಟಿಸಿದವರು ವೇಗದ ಬೌಲರ್ ಜಾವಗಲ್ ಶ್ರೀನಾಥ್. ಅವರು 1969ರಲ್ಲಿ ಜನಿಸಿದುದು ಮೈಸೂರಿನಲ್ಲಿ. ಊರಿನ ಹೆಸರು ಮಾತ್ರ ಅವರ ಹೆಸರಿನೊಡನೆ ಉಳಿಯಿತು. ಕನ್ನಡನಾಡು ಕಂಡ ಕ್ರಿಕೆಟಿಗರಲ್ಲಿ ಅತಿ ಶ್ರೇಷ್ಠರು ಯಾರೆಂಬ ವಾದ ಎದ್ದಾಗ, ಶ್ರೀನಾಥರ ಹೆಸರನ್ನು ಮೊದಲು ಹೇಳುವವರು ವಿರಳ.

ಇಂಥ ವಾದ ಸಾಮಾನ್ಯವಾಗಿ ಅಂಕಿಗಳಿಂದಲೇ ಮೊದಲಾಗುತ್ತದೆ. ರಾಹುಲ್ ದ್ರಾವಿಡ್ 164 ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನುಗಳನ್ನು ಗಳಿಸಿದರು. ಅನಿಲ್ ಕುಂಬ್ಳೆ 132 ಟೆಸ್ಟುಗಳಲ್ಲಿ 619 ವಿಕೆಟ್ಟುಗಳನ್ನು ಪಡೆದರು. ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರು 91 ಟೆಸ್ಟುಗಳಲ್ಲಿ ಗಳಿಸಿದುದು 6,080 ರನ್ನುಗಳು, 14 ಶತಕಗಳು. ಇಷ್ಟನ್ನೇ ನೋಡಿದರೆ ವಿಶ್ವನಾಥರು ದ್ರಾವಿಡರಿಗಿಂತ ಬಹಳ ಹಿಂದೆ ನಿಲ್ಲುತ್ತಾರೆ.

ಆದರೆ ಅವರ ಅತ್ಯುತ್ತಮ ಆಟವೆಂದು ಬಲ್ಲವರು ಎಣಿಸುವ ಆಟವೊಂದು ಆ 14ರಲ್ಲಿ ಸೇರಿಯೇ ಇಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ಟುಗಳನ್ನು ಕಿತ್ತು, ಭಾರತವನ್ನು 190 ರನ್ನುಗಳಿಗೆ ಮುಗಿಸಿದರು. ತಲೆಗೆ ಹೆಲ್ಮೆಟ್ ಇಲ್ಲದ ಆ ಕಾಲದಲ್ಲಿ ವಿಶ್ವನಾಥರು ಔಟಾಗದೆ 97 ರನ್ನು ಗಳಿಸಿ ನಿಂತರು. ಜೊತೆಗಾರರು ಮುಗಿದುಹೋದುದರಿಂದ ಶತಕ ತಪ್ಪಿತು. ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು.

ಭಾಗವತ್ ಚಂದ್ರಶೇಖರರ ವಿಷಯವೂ ಹೀಗೆಯೇ. ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿ ಸೊರಗಿದ ಬಲಗೈಯಿಂದಲೇ ಅವರು 242 ಟೆಸ್ಟ್ ವಿಕೆಟ್ಟುಗಳನ್ನು ಗಳಿಸಿದರು. (ಅವರ ಒಟ್ಟು ರನ್ನುಗಳು 167, ವಿಕೆಟ್ಟುಗಳಿಗಿಂತಲೂ ಕಡಿಮೆ!) 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊತ್ತಮೊದಲ ಟೆಸ್ಟ್ ವಿಜಯಕ್ಕೆ ಕಾರಣರಾದರು.

ಇನ್ನು ಶ್ರೀನಾಥರ ವಿಚಾರ. ಅವರು 67 ಟೆಸ್ಟುಗಳಲ್ಲಿ 236 ವಿಕೆಟ್ ಪಡೆದರು. ಕುಂಬ್ಳೆಯವರ 619ರ ಮುಂದೆ ಇದು ಚಿಕ್ಕದೆನಿಸುವುದು ಸಹಜ. ಆದರೆ ನಮ್ಮ ದೇಶದ ಒಣ ಅಂಕಣಗಳು ಸ್ಪಿನ್ ಬೌಲರಿಗೆ ಒಲಿಯುವಷ್ಟು ವೇಗದವನಿಗೆ ಒಲಿಯುವುದಿಲ್ಲ. ಅಲ್ಲದೆ, 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಟ ಆರಂಭಿಸಿದ ಶ್ರೀನಾಥರಿಗೆ ತವರಿನಲ್ಲಿ ಮೊದಲ ಟೆಸ್ಟ್ ದೊರೆತುದು 1994ರಲ್ಲಿ.

1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಎದುರು ಕುಂಬ್ಳೆ 74 ರನ್ನುಗಳಿಗೆ ಹತ್ತೂ ವಿಕೆಟ್ಟುಗಳನ್ನು ಪಡೆದರು. ಅದಕ್ಕೆ ಹಿಂದೆ ಟೆಸ್ಟಿನಲ್ಲಿ ಈ ಸಾಧನೆ ಮಾಡಿದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಆಮೇಲೆ 2021ರಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್. ದೆಹಲಿಯಲ್ಲಿ ಒಂಬತ್ತು ವಿಕೆಟ್ಟುಗಳು ಕುಂಬ್ಳೆಗೆ ಬಿದ್ದ ಬಳಿಕ ಇನ್ನೊಂದು ತುದಿಯಿಂದ ಓವರ್ ಎಸೆಯಬೇಕಾದವರು ಶ್ರೀನಾಥ್. ಹತ್ತನೆಯ ವಿಕೆಟ್ ತಮ್ಮ ಪಾಲಿಗೆ ಬರಬಾರದೆಂದು ಅವರು ಚೆಂಡನ್ನು ವಿಕೆಟ್ಟಿನಿಂದ ದೂರಕ್ಕೆ ಎಸೆದರು. ವಿಕೆಟ್ಟಿಗಾಗಿ ಜೀವ ಸವೆಸುವ ಬೌಲರಿಗೆ ಇದು ಸುಲಭದ ಕೆಲಸವಲ್ಲ. ಅಂಕಪಟ್ಟಿಯಲ್ಲಿ ಆ ಸರದಿಗೆ ಅವರ ಹೆಸರಿನ ಮುಂದಿರುವುದು ಸೊನ್ನೆ.

ಅದೇ ತಿಂಗಳು ಕಲ್ಕತ್ತೆಯಲ್ಲಿ ಶ್ರೀನಾಥರು ಪಾಕಿಸ್ತಾನದ ಎರಡನೆಯ ಸರದಿಯಲ್ಲಿ 86 ರನ್ನುಗಳಿಗೆ ಎಂಟು ವಿಕೆಟ್ ಕಿತ್ತರು. ಪಂದ್ಯದಲ್ಲಿ ಒಟ್ಟು ಹದಿಮೂರು. ಭಾರತ 46 ರನ್ನುಗಳಿಂದ ಸೋತಿತು. ಗೆದ್ದ ಪಂದ್ಯಗಳನ್ನೇ ಮುಂದಿಟ್ಟು ವಾದಿಸಿದರೆ ಕುಂಬ್ಳೆಯವರನ್ನು ಹಿಂದಿಕ್ಕುವುದು ಕಷ್ಟ. ಅವರಿಗೆ ಮೊದಲ ಸ್ಥಾನ ಸಲ್ಲುವುದು ನ್ಯಾಯವೇ. ಎರಡನೆಯ ಸ್ಥಾನಕ್ಕೆ ವಾದ ಮುಂದುವರಿದಾಗ, ದ್ರಾವಿಡ್, ವಿಶ್ವನಾಥರ ಹೆಸರುಗಳೊಡನೆ ಕಲ್ಕತ್ತೆಯ ಆ ಹದಿಮೂರು ವಿಕೆಟ್ಟುಗಳನ್ನೂ ದೆಹಲಿಯ ಆ ಸೊನ್ನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.