ಒಯ್ಯುವ ಕಂಪ್ಯೂಟರೂ ಊರೊಟ್ಟಿನ ಪ್ರೋಗ್ರಾಮುಗಳೂ

1981ರ ಏಪ್ರಿಲ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಪ್ರದರ್ಶನದಲ್ಲಿ, ಹೊಲಿಗೆಯಂತ್ರದ ಪೆಟ್ಟಿಗೆಯಂತೆ ಕಾಣುತ್ತಿದ್ದ ಒಂದು ವಸ್ತು ಜನರ ಕುತೂಹಲವನ್ನು ಸೆಳೆಯಿತು. ಮುಚ್ಚಳವನ್ನು ಬಿಚ್ಚಿ ಕೆಳಗಿಟ್ಟರೆ ಅದೇ ಕೀಲಿಮಣೆ; ಒಳಗೆ ಫ್ಲಾಪಿ ತಟ್ಟೆಗಳಿಗೆಂದು ಎರಡು ಗೂಡುಗಳು, ಅವುಗಳ ನಡುವೆ ಕೇವಲ 5 ಅಂಗುಲದ ಗಾಜಿನ ತೆರೆ. ತೂಕ ಸುಮಾರು 11 ಕಿಲೋಗ್ರಾಂ. ಇದನ್ನು 'ಒಯ್ಯಬಹುದಾದ' ಕಂಪ್ಯೂಟರೆಂದು ಕರೆದವರ ರಟ್ಟೆಯ ಬಲವನ್ನು ಮೆಚ್ಚಲೇಬೇಕು! ಆಸ್ಬೋರ್ನ್-1 ಎಂಬ ಈ ಯಂತ್ರದ ಬೆಲೆ 1795 ಡಾಲರು. ಇದನ್ನು ಮಾರುಕಟ್ಟೆಗೆ ತಂದ ಆಡಂ ಆಸ್ಬೋರ್ನ್ ತನ್ನ ಬಾಲ್ಯವನ್ನು ಕಳೆದದ್ದು ನಮ್ಮ ನೆರೆಯ ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ. 2003ರಲ್ಲಿ ಆತ ತೀರಿಕೊಂಡದ್ದು ಕೊಡೈಕೆನಾಲಿನಲ್ಲಿ.

1983ರ ಸೆಪ್ಟೆಂಬರಿನಲ್ಲಿ ಆಸ್ಬೋರ್ನನ ಕಂಪನಿ ದಿವಾಳಿಯೆದ್ದಿತು. ಯಂತ್ರವನ್ನು ಕೊಂಡವರ ಗತಿಯೇನು? ತಯಾರಕನೇ ಇಲ್ಲದ ಮೇಲೆ ಹೊಸ ಪ್ರೋಗ್ರಾಮುಗಳನ್ನು ಬರೆದುಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ವ್ಯಾಪಾರಿಗಳಲ್ಲ, ಬಳಕೆದಾರರು. ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯನ್ನು ಬಳಸತಕ್ಕವರು ಅದಕ್ಕೂ ಮೊದಲೇ ಸಂಘ ಕಟ್ಟಿಕೊಂಡಿದ್ದರು. ತಾವು ಬರೆದ ಪ್ರೋಗ್ರಾಮುಗಳನ್ನು ಫ್ಲಾಪಿ ತಟ್ಟೆಗಳಲ್ಲಿ ತುಂಬಿ ಹಂಚುತ್ತಿದ್ದರು. ಆಸ್ಬೋರ್ನ್ ಯಂತ್ರವೂ ಸಿಪಿ/ಎಂ ಬಳಸುತ್ತಿದ್ದುದರಿಂದ ಆ ಭಂಡಾರವೆಲ್ಲ ಅದಕ್ಕೂ ಒದಗಿತು. ಊರ ಕೆರೆಯ ನೀರಿನಂತೆ, ಯಾರಿಗೂ ಹಕ್ಕಿನ ಹಣ ಕೊಡಬೇಕಾಗಿಲ್ಲದ ಇಂಥ ಕೃತಿಗಳಿಗೆ 'ಸಾರ್ವಜನಿಕ ಸ್ವತ್ತು' ಎಂದು ಹೆಸರು. ಆದರೆ ಹೆಸರನ್ನು ಕಂಡು ಮೋಸಹೋಗಬಾರದು. ಎಷ್ಟೋ ತಟ್ಟೆಗಳಲ್ಲಿ 'ನಕಲು ಮಾಡಿಕೊಳ್ಳಿ, ಮಾರಬೇಡಿ' ಎಂಬ ಕಟ್ಟಳೆ ಇರುತ್ತಿತ್ತು. ಕಟ್ಟಳೆಯನ್ನು ವಿಧಿಸಬಲ್ಲವನು ಒಡೆಯನೇ ಆದುದರಿಂದ, ಕಾನೂನಿನ ದೃಷ್ಟಿಯಲ್ಲಿ ಅವು ಸಾರ್ವಜನಿಕ ಸ್ವತ್ತಾಗಿರಲಿಲ್ಲ.

ಇಂಥ ಪ್ರೋಗ್ರಾಮುಗಳಲ್ಲಿ ಬಹು ಜನಪ್ರಿಯವಾದ ಒಂದನ್ನು ನೋಡೋಣ. ರಾತ್ರಿಯೆಲ್ಲ ಕುಳಿತು ಬರೆದ ಲೇಖನವೊಂದನ್ನು ಬೆಳಗಿನ ಜಾವ ತಪ್ಪು ಹೆಸರು ಒತ್ತಿ ಅಳಿಸಿಬಿಟ್ಟಿರೆಂದು ಭಾವಿಸಿ. ಅದು ನಿಜವಾಗಿಯೂ ಅಳಿಸಿಹೋಯಿತೇ? ಇಲ್ಲ. ಸಿಪಿ/ಎಂ ತಟ್ಟೆಯ ಮೇಲೆ ಒಂದು ಸೂಚಿಯುಂಟು. ಅದರಲ್ಲಿ ಪ್ರತಿ ಕಡತಕ್ಕೂ 32 ಬೈಟುಗಳ ನಮೂದುಗಳಿರುತ್ತವೆ: ಕಡತದ ಹೆಸರು, ಅದರ ಬರಹ ತಟ್ಟೆಯ ಯಾವ ಯಾವ ಭಾಗಗಳಲ್ಲಿದೆ ಎಂಬ ಅಂಕಿಗಳು, ಇತ್ಯಾದಿ. ಅಳಿಸೆಂಬ ಆಜ್ಞೆಯನ್ನು ಕೊಟ್ಟಾಗ ಯಂತ್ರವು ಬರಹದ ತಂಟೆಗೇ ಹೋಗದೆ, ನಮೂದಿನ ಮೊದಲ ಬೈಟಿನಲ್ಲಿ 229 ಎಂಬ ಸಂಖ್ಯೆಯನ್ನು ಬರೆದು ಸುಮ್ಮನಾಗುತ್ತದೆ. 'ಈ ಜಾಗ ಖಾಲಿ' ಎಂದು ಅದರ ಅರ್ಥ. ಮನೆಯ ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ಹಲಗೆ ತೂಗುಹಾಕಿದಂತೆ; ಸಾಮಾನೆಲ್ಲ ಇನ್ನೂ ಒಳಗೇ ಇದೆ. 'ಅನ್‌ಎರಾ' ಎಂಬ ಪುಟ್ಟ ಪ್ರೋಗ್ರಾಮು ಮಾಡುತ್ತಿದ್ದುದು ಇಷ್ಟೆ: ಆ 229ನ್ನು ತೆಗೆದು ಅಲ್ಲಿ ಮತ್ತೆ ಬಳಕೆದಾರನ ಸಂಖ್ಯೆಯನ್ನು ಬರೆಯುವುದು. ಕಳೆದುಹೋದ ಲೇಖನ ಪ್ರತ್ಯಕ್ಷ! ಆದರೆ ಒಂದು ಎಚ್ಚರಿಕೆ ಬೇಕು. ನಡುವೆ ಬೇರೇನನ್ನಾದರೂ ತಟ್ಟೆಗೆ ಬರೆದಿದ್ದರೆ ಖಾಲಿಯೆಂದು ಸಾರಿದ ಮನೆಗೆ ಹೊಸ ಬಾಡಿಗೆದಾರ ಬಂದಿರುತ್ತಾನೆ. ಆಗ ಅನ್‌ಎರಾ ಕೂಡ ನಿರುಪಾಯ.

1983ರಲ್ಲಿ ಬಂದ ಟಿಆರ್‌ಎಸ್-80 ಮಾಡೆಲ್ 100 ನಿಜವಾಗಿ ಒಯ್ಯಬಹುದಾದ ಯಂತ್ರ. ಜಪಾನಿನ ಕ್ಯೋಸೆರಾ ತಯಾರಿಸಿ, ಅಮೆರಿಕದ ಟ್ಯಾಂಡಿ ಕಂಪನಿ ಮಾರಿದ ಇದು 2 ಕಿಲೋಗ್ರಾಮಿಗೂ ಹಗುರ. ನಾಲ್ಕು ಚಿಕ್ಕ ಬ್ಯಾಟರಿಗಳಿಂದ ನಡೆಯುತ್ತಿತ್ತು. ಟೆಲಿಫೋನಿನ ಮೂಲಕ ವರದಿಗಳನ್ನು ಕಳುಹಿಸಲು ಪತ್ರಕರ್ತರು ಇದನ್ನು ಬಹುವಾಗಿ ಮೆಚ್ಚಿದರು. ಇದರ ತೆರೆಯಲ್ಲಿ ಅಡ್ಡಲಾಗಿ 240, ಉದ್ದಕ್ಕೆ 64, ಒಟ್ಟು 15,360 ಚುಕ್ಕೆಗಳು. ಒಂದೊಂದು ಚುಕ್ಕೆಯೂ ಕಪ್ಪು ಇಲ್ಲವೆ ಖಾಲಿ. ಆದುದರಿಂದ ಚುಕ್ಕೆಗೊಂದು ಬಿಟ್ ಸಾಕು. ಎಂಟು ಬಿಟ್ಟುಗಳಿಗೆ ಒಂದು ಬೈಟಿನಂತೆ ಪೂರ್ಣ ಚಿತ್ರಕ್ಕೆ 1920 ಬೈಟುಗಳು ಬೇಕು. ಸ್ಮೃತಿಯೇ 8 ಕಿಲೋಬೈಟಿನಷ್ಟಿದ್ದ ಯಂತ್ರದಲ್ಲಿ ಇದು ದೊಡ್ಡ ಪಾಲು. ಚಿತ್ರವನ್ನು ಟೆಲಿಫೋನಿನಲ್ಲಿ ಕಳುಹಿಸುವುದಾದರೆ ಯಂತ್ರದೊಳಗಿನ ಮೋಡೆಮ್ಮಿನ ವೇಗ ಸೆಕೆಂಡಿಗೆ 300 ಬಿಟ್, ಎಂದರೆ ಸುಮಾರು 30 ಅಕ್ಷರ. ಒಂದು ಚಿತ್ರಕ್ಕೆ 64 ಸೆಕೆಂಡು.

ಚಿತ್ರವನ್ನು ಕುಗ್ಗಿಸುವ ಉಪಾಯವುಂಟೆ? ಉಂಟು. ಒಂದು ಸಾಲಿನಲ್ಲಿ 100 ಖಾಲಿ ಚುಕ್ಕೆ, ಬಳಿಕ 40 ಕಪ್ಪು, ಮತ್ತೆ 100 ಖಾಲಿ ಇವೆಯೆನ್ನಿ. ಸಾಲನ್ನು ಇದ್ದಂತೆಯೇ ಬರೆದರೆ 30 ಬೈಟುಗಳು. '100, 40, 100' ಎಂದು ಎಣಿಕೆಯನ್ನಷ್ಟೇ ಬರೆದರೆ ಮೂರೇ ಬೈಟುಗಳು! ಈ ಉಪಾಯವನ್ನು ಎಲ್ಲ ಚಿತ್ರಗಳಿಗೂ ಹಚ್ಚಹೋದರೆ ಮಾತ್ರ ಪೆಟ್ಟು ತಿನ್ನಬೇಕಾಗುತ್ತದೆ. ಒಂದು ಚುಕ್ಕೆ ಕಪ್ಪು, ಮುಂದಿನದು ಖಾಲಿ, ಹೀಗೆ ಚದುರಂಗದ ಹಾಸಿನಂತಿರುವ ಸಾಲಿಗೆ 240 ಎಣಿಕೆಗಳು ಬೇಕಾಗಿ, ಚಿತ್ರ ಕುಗ್ಗುವ ಬದಲು ಎಂಟು ಪಟ್ಟು ಊದಿಕೊಳ್ಳುತ್ತದೆ. ರೇಖಾಚಿತ್ರಕ್ಕೆ ಒಪ್ಪುವುದು ಛಾಯಾಚಿತ್ರಕ್ಕೆ ಒಪ್ಪದು.

ಇನ್ನೊಂದು ತೊಡಕು ಟೆಲಿಫೋನು ತಂತಿಯ ಗದ್ದಲ. ಪತ್ರದಲ್ಲಿ ಒಂದಕ್ಷರ ಕೆಟ್ಟರೆ ಓದುವವನು ಊಹಿಸಿಕೊಂಡಾನು. ಪ್ರೋಗ್ರಾಮಿನಲ್ಲಿ ಒಂದು ಬೈಟು ಕೆಟ್ಟರೆ ಯಂತ್ರವೇ ಸ್ತಬ್ಧವಾದೀತು. ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಇದಕ್ಕೊಂದು ಪ್ರೋಗ್ರಾಮನ್ನು ಬರೆದು ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ಅದರ ಕ್ರಮವೇ ಮುಂದೆ ಎಕ್ಸ್‌ಮೋಡೆಮ್ ಎಂದು ಪ್ರಸಿದ್ಧವಾಯಿತು. ಕಳುಹಿಸುವವನು ಕಡತವನ್ನು 128 ಬೈಟುಗಳ ಕಂತೆಗಳಾಗಿ ಕಟ್ಟುತ್ತಾನೆ; ಮಾಡೆಲ್ 100ರ ಒಂದು ಚಿತ್ರಕ್ಕೆ ಸರಿಯಾಗಿ 15 ಕಂತೆ. ಪ್ರತಿ ಕಂತೆಯ ಬೈಟುಗಳನ್ನೂ ಕೂಡಿ, ಮೊತ್ತವನ್ನು 256ರಿಂದ ಭಾಗಿಸಿ, ಉಳಿದ ಶೇಷವನ್ನು ಬಾಲಕ್ಕೆ ಅಂಟಿಸುತ್ತಾನೆ. ಮೊತ್ತ 9000 ಆದರೆ ಶೇಷ 40. ಪಡೆಯುವವನು ತಾನೂ ಅದೇ ಲೆಕ್ಕ ಮಾಡಿ, ತಾಳೆಯಾದರೆ 'ಸರಿ' ಎಂದೂ ಇಲ್ಲವಾದರೆ 'ಮತ್ತೆ ಕಳುಹಿಸು' ಎಂದೂ ಹೇಳುತ್ತಾನೆ. ಮಾಡೆಲ್ 100ರ ಜೊತೆಗೆ ಬಂದ ಸಂಪರ್ಕ ಪ್ರೋಗ್ರಾಮಿಗೆ ಈ ವಿದ್ಯೆ ತಿಳಿದಿರಲಿಲ್ಲ. ಬಳಕೆದಾರರೇ ಬರೆದು ಸೇರಿಸಿಕೊಂಡರು.

ಒಂದೇ ಬೈಟು ಕೆಟ್ಟಿದ್ದರೆ ಈ ಪರೀಕ್ಷೆ ಅದನ್ನು ಖಂಡಿತ ಹಿಡಿಯುತ್ತದೆ. ಆದರೆ ಒಂದು ಬೈಟು 4ರಷ್ಟು ಹೆಚ್ಚಿ, ಇನ್ನೊಂದು 4ರಷ್ಟು ತಗ್ಗಿದರೆ ಮೊತ್ತ ಬದಲಾಗದು. ಕೆಟ್ಟ ಕಂತೆ ಒಳ್ಳೆಯದೆಂದು ಪಾರಾಗಿಬಿಡುತ್ತದೆ. ಈ ಕೊರತೆಯನ್ನು ಕಂಡ ಇತರರು ಒಂದು ಬೈಟಿನ ಶೇಷಕ್ಕೆ ಬದಲಾಗಿ, ಬೈಟುಗಳ ಸ್ಥಾನವನ್ನೂ ಲೆಕ್ಕಕ್ಕೆ ಹಿಡಿಯುವ 2 ಬೈಟುಗಳ ಕಠಿಣ ಪರೀಕ್ಷೆಯನ್ನು ಅದೇ ಪ್ರೋಗ್ರಾಮಿಗೆ ಜೋಡಿಸಿದರು. ಅದಕ್ಕಾಗಿ ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.